ಮೇಲೆ ಬರೆಯುವ ಆ ಒಂದು ಸಾಲು

ಒಂದು ಯುಗಾದಿಗೆ ಪೋಸ್ಟರ್ ಮಾಡಿಕೊಟ್ಟ ಕತೆಯಿಂದ ಶುರು ಮಾಡುತ್ತೇನೆ. ದಾವಣಗೆರೆಯಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಹಳೇ ವ್ಯಾಪಾರ. ಸಾವ್ಕಾರ್ರು ಒಳ್ಳೆಯವರು. ದುಡ್ಡು ತಡ ಮಾಡುವುದಿಲ್ಲ, ಹೋದಾಗೆಲ್ಲ ಮಂಡಕ್ಕಿ ಮಿರ್ಚಿ ತರಿಸುತ್ತಾರೆ. ಅವರ ಬೇಡಿಕೆ ಎರಡೇ. "ತಮ್ಮಾ, ನನ್ ಫೋಟೊ ಸ್ವಲ್ಪ ದೊಡ್ಡದಿರ್ಲಿ. ಆಮೇಲೆ ಇದು ವೈರಲ್ ಆಗ್ಬೇಕು ನೋಡು."

ಮಾವಿನ ತೋರಣ, ಬೇವು ಬೆಲ್ಲದ ಬಟ್ಟಲು, ನಾಡಿನ ಸಮಸ್ತ ಜನತೆಗೆ ಹಾರ್ದಿಕ ಶುಭಾಶಯಗಳು, ಬಲಗಡೆ ಕೈ ಮುಗಿದು ನಿಂತ ಸಾವ್ಕಾರ್ರು. ಒಟ್ಟು 14 ಲೈಕ್ ಬಂತು. ಅದರಲ್ಲಿ 3 ಅವರ ಮನೆಯವರದ್ದು, 1 ನನ್ನದು. ಶೇರ್ ಆಗಿದ್ದು ಒಂದೇ ಸಲ. ಮಾಡಿದವನು ಅವರ ಮಗ.

ಪೋಸ್ಟರ್ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅವತ್ತು ಬೆಳಗ್ಗೆ ಊರಲ್ಲಿ ಚಿನ್ನದ ಅಂಗಡಿಯಿಂದ ಹಿಡಿದು ಮುಂದಿನ ಸಲ ಕಾರ್ಪೊರೇಟರ್ ಆಗಬೇಕು ಅಂತಿರುವವರ ತನಕ ಎಲ್ಲರೂ ಅದನ್ನೇ ಹಾಕಿದ್ದರು. ಹೆಸರು ಅದಲು ಬದಲು ಮಾಡಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸುಮಾರು ವರ್ಷದಿಂದ ಸಣ್ಣ ಅಂಗಡಿ, ಹೋಟೆಲ್, ಗಾಣದ ಎಣ್ಣೆ ಮಾರುವವರಿಗೆ ಇಂಥ ಕೆಲಸ ಮಾಡುತ್ತಾ ಬಂದಿದ್ದೇನೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಜನ ಶೇರ್ ಮಾಡುವ ಹಾಗೆ ಏನಾದರೂ ಮಾಡಿಕೊಡಿ. ನಾನೀಗ ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಯಾರು, ಯಾರಿಗೆ, ಏನಂತ ಬರೆದು ಕಳಿಸಬೇಕು?

ನೀವೇ ಗಮನಿಸಿ. ವಾಟ್ಸಾಪಿನಲ್ಲಿ ಏನಾದರೂ ಕಳಿಸುವಾಗ ಜೊತೆಗೆ ಒಂದು ಸಾಲು ಇರುತ್ತೆ. "ನಿನ್ನೆ ಹೇಳ್ತಿದ್ನಲ್ಲ, ಇದೇ." "ನಿಮ್ಮ ಯಜಮಾನ್ರಿಗೆ ತೋರ್ಸು." "ಥೇಟ್ ನಮ್ಮಾವನೇ." ಬರೆಯದಿದ್ದರೂ ಮನಸ್ಸಲ್ಲಿ ಆ ಸಾಲು ಇದ್ದೇ ಇರುತ್ತೆ. ಕಳಿಸುವವರಿಗೆ ನಿಮ್ಮ ಅಂಗಡಿ ಮುಖ್ಯ ಅಲ್ಲ. ಆ ಸಾಲು ಮುಖ್ಯ. ಅದನ್ನು ಹೇಳಲು ಒಂದು ನೆಪ ಬೇಕಿರುತ್ತೆ, ನಿಮ್ಮ ಫೋಟೊ, ವಿಡಿಯೊ ಆ ನೆಪ ಅಷ್ಟೇ. ಸಾವ್ಕಾರ್ರ ಯುಗಾದಿ ಪೋಸ್ಟರ್ ಜೊತೆ ಯಾರಾದರೂ ಏನಂತ ಬರೆದಾರು? "ಇವರು ಕೈ ಮುಗಿದಿದ್ದಾರೆ ನೋಡಿ" ಅಂತಲಾ?

2021ರ ಏಪ್ರಿಲ್ ನೆನಪಿದೆಯಾ? ಐಪಿಎಲ್ ಶುರುವಾದ ಹೊತ್ತು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದ ರಾಹುಲ್ ದ್ರಾವಿಡ್ ಬ್ಯಾಟಿನಿಂದ ಪಕ್ಕದ ಕಾರಿನ ಕನ್ನಡಿ ಒಡೆಯುತ್ತಾರೆ, ಕಾರಿನ ಮೇಲಿನಿಂದ ತಲೆ ಹೊರಗೆ ಹಾಕಿ "ಇಂದಿರಾನಗರದ ಗೂಂಡಾ ನಾನು" ಅಂತ ಹಿಂದಿಯಲ್ಲಿ ಕೂಗುತ್ತಾರೆ. ಕ್ರೆಡ್ ಕಂಪನಿಯ ಜಾಹೀರಾತು. ಅವತ್ತು ನನಗೇ ಕಡಿಮೆ ಅಂದರೂ ಏಳೆಂಟು ಜನ ಕಳಿಸಿದ್ದರು. ಒಬ್ಬರೂ ಕಂಪನಿ ಬಗ್ಗೆ ಬರೆದಿರಲಿಲ್ಲ. "ನಮ್ಮ ಜ್ಯಾಮಿಗೆ ಇನ್ನೂ ಸಿಟ್ಟು ಬಂದಿರ್ಲಿಲ್ಲ, ಸಿಲ್ಕ್ ಬೋರ್ಡ್ ಜಂಕ್ಷನ್‌ಗೆ ಬರ್ಲಿ ತಡಿ" ಅಂತ ಒಬ್ಬ (ಜ್ಯಾಮಿ ಅಂದರೆ ದ್ರಾವಿಡ್ ಅಡ್ಡಹೆಸರು). "ಟ್ರಾಫಿಕ್ ಅಂದ್ರೆ ಅಂಥ ಮನುಷ್ಯನ್ನೂ ಹಾಳು ಮಾಡುತ್ತೆ" ಅಂತ ಇನ್ನೊಬ್ಬಳು. ಜೊಮ್ಯಾಟೊದವರಂತೂ ರಸ್ತೆಯಲ್ಲಿ ಸಿಟ್ಟಾದ ಗೂಂಡಾ ಇರೋದ್ರಿಂದ ಇಂದಿರಾನಗರದಲ್ಲಿ ಊಟ ತಲುಪೋದು ತಡ ಆಗುತ್ತೆ ಅಂತ ತಮಾಷೆ ಮಾಡಿದರು. ದ್ರಾವಿಡ್ ಎಂಥ ತಣ್ಣಗಿನ ಮನುಷ್ಯ ಅನ್ನೋದು ದೇಶಕ್ಕೇ ಗೊತ್ತು. ಆ ಗೊತ್ತಿರೋದನ್ನ ತಲೆಕೆಳಗು ಮಾಡಿದ್ದೇ ಅದರ ಕಸುಬು.

ಆದರೆ ಒಂದು ಮಾತು. ಆ ಜಾಹೀರಾತು ನಮ್ಮ ಭಾವನಿಗೆ ಇವತ್ತಿಗೂ ಬಾಯಿಪಾಠ. ಆ ಆ್ಯಪ್ ಏನು ಮಾಡುತ್ತೆ ಅಂತ ಕೇಳಿ ನೋಡಿ. ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟೋದು ಅನ್ನೋದು ಅವನಿಗೆ ಇನ್ನೂ ಗೊತ್ತಿಲ್ಲ. ದೊಡ್ಡ ಕಂಪನಿಗೆ ಅದು ನಡೆಯುತ್ತೆ, ಹೆಸರು ನೆನಪಿದ್ದರೆ ಸಾಕು. ಪಾತ್ರೆ ಅಂಗಡಿಗೆ ನಡೆಯಲ್ಲ. ಈ ಮಾತಿಗೆ ಆಮೇಲೆ ಬರುತ್ತೇನೆ.

ಹಾಲಿನ ವಿಷಯ ಇನ್ನೂ ಸ್ವಾರಸ್ಯ. ಅಮುಲ್‌ನವರು 1966ರಿಂದ ಚುಕ್ಕಿ ಫ್ರಾಕಿನ ಹುಡುಗಿಯನ್ನು ಇಟ್ಟುಕೊಂಡು ದೇಶದ ಆಗುಹೋಗುಗಳ ಮೇಲೆ ಒಂದೊಂದು ಸಾಲು ಹೇಳಿಸುತ್ತಾ ಬಂದಿದ್ದಾರೆ. ಇಂಟರ್‌ನೆಟ್ ಹುಟ್ಟುವ ಮೊದಲೇ ಜನ ಆ ಬೋರ್ಡುಗಳ ಬಗ್ಗೆ ಮನೆಗೆ ಹೋಗಿ ಹೇಳುತ್ತಿದ್ದರು. ಇಂಥ ಪಳಗಿದ ಕೈಯೇ 2023ರ ಏಪ್ರಿಲ್‌ನಲ್ಲಿ, ವಿಧಾನಸಭೆ ಚುನಾವಣೆಯ ಹೊಸ್ತಿಲಲ್ಲಿ, ಹಾಲು ಮೊಸರು ಬೆಂಗಳೂರಿಗೂ ಬರ್ತಿದೆ ಅಂತ ಒಂದು ಟ್ವೀಟ್ ಹಾಕಿತು. ಬೇರೆ ದಿನ ಆಗಿದ್ದರೆ ಯಾರೂ ತಿರುಗಿ ನೋಡದ ಟ್ವೀಟ್. ಅವತ್ತು ಊರಿಗೆಲ್ಲ ಹರಡಿತು. ಯಾಕೆಂದರೆ ಅದರ ಮೇಲೆ ಬರೆಯಲು ಎಲ್ಲರ ಹತ್ತಿರವೂ ಒಂದು ಸಾಲಿತ್ತು: ನಮ್ಮ ನಂದಿನಿ ಉಳಿಸಿ. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘವೂ ನಂದಿನಿಯನ್ನೇ ಬಳಸುತ್ತೇವೆ ಅಂದಿತು. ಖರ್ಚು ಅಮುಲ್‌ದು, ಪ್ರಚಾರ ನಂದಿನಿಗೆ.

ಮರುವರ್ಷ ಟಿ20 ವಿಶ್ವಕಪ್. ನಂದಿನಿ ಸ್ಕಾಟ್‌ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ಪ್ರಾಯೋಜಕ ಆಯಿತು. ಸ್ಕಾಟ್‌ಲೆಂಡ್ ಜೆರ್ಸಿಯ ಮೇಲೆ ‘ನಂದಿನಿ’ ಅಂತ ಕನ್ನಡ ಅಕ್ಷರ. ಎರಡು ಸಣ್ಣ ತಂಡ, ನಮ್ಮಲ್ಲಿ ಆಟಗಾರರ ಹೆಸರು ಗೊತ್ತಿದ್ದವರೇ ಕಡಿಮೆ. ಆದರೂ ಆ ಫೋಟೊ ನಮ್ಮ ಓಣಿಯ ಗುಂಪಿನಲ್ಲೇ ನಾಲ್ಕು ಸಲ ಬಂತು. ಅದೇ ಹೆಸರು ಇಂಗ್ಲಿಷಿನಲ್ಲಿ ಇದ್ದಿದ್ದರೆ ಒಂದು ಸಲವೂ ಬರುತ್ತಿರಲಿಲ್ಲ ಅಂತ ಬರೆದುಕೊಡುತ್ತೇನೆ. ಅಮೆರಿಕದಲ್ಲಿರುವ ನನ್ನ ಗೆಳೆಯ ಅದನ್ನು ಆಫೀಸಿನವರಿಗೆ ತೋರಿಸಿ "ಇದು ನಮ್ಮ ಲಿಪಿ" ಅಂದನಂತೆ. ಹಾಲಿನ ಜಾಹೀರಾತಿಗೆ ಇದಕ್ಕಿಂತ ಇನ್ನೇನು ಬೇಕು?

ಸಿಟ್ಟೂ ಹೀಗೇ ಓಡುತ್ತೆ, ಹೆಮ್ಮೆಯಷ್ಟೇ ಜೋರಾಗಿ. ಅಮೆರಿಕದ ಜೋನಾ ಬರ್ಗರ್, ಕ್ಯಾಥರಿನ್ ಮಿಲ್ಕ್‌ಮನ್ ಅನ್ನುವ ಇಬ್ಬರು ಸಂಶೋಧಕರು ನ್ಯೂಯಾರ್ಕ್ ಟೈಮ್ಸ್‌ನ ಸುಮಾರು 7,000 ಬರಹಗಳನ್ನು ತೆಗೆದುಕೊಂಡು, ಓದುಗರು ಯಾವುದನ್ನು ಜಾಸ್ತಿ ಇಮೇಲ್ ಮಾಡಿದರು ಅಂತ ನೋಡಿದ್ದರು. ಅಧ್ಯಯನ ಬಂದಿದ್ದು 2012ರಲ್ಲಿ. ಬೆರಗು ಹುಟ್ಟಿಸಿದ್ದು ಹೋಯಿತು, ಸಿಟ್ಟು ಬರಿಸಿದ್ದು ಹೋಯಿತು, ಆತಂಕ ತಂದಿದ್ದೂ ಹೋಯಿತು. ಬರೀ ದುಃಖದ್ದು ಅಷ್ಟಾಗಿ ಹೋಗಲಿಲ್ಲ. ದುಃಖ ಆದಾಗ ಮನುಷ್ಯ ಸುಮ್ಮನೆ ಕೂರುತ್ತಾನೆ. ಸಿಟ್ಟು ಬಂದಾಗ ಎದ್ದು ಪಕ್ಕದ ಮನೆಗೆ ಹೋಗುತ್ತಾನೆ. ನಮ್ಮಜ್ಜಿಗೆ ಇದನ್ನು ಹೇಳಲು 7,000 ಬರಹ ಬೇಕಾಗುತ್ತಿರಲಿಲ್ಲ, ಇರಲಿ.

ಮೈಸೂರ್ ಸ್ಯಾಂಡಲ್ ಸೋಪನ್ನೇ ನೋಡಿ. ನೂರು ವರ್ಷ ದಾಟಿದ ಸರ್ಕಾರಿ ಕಾರ್ಖಾನೆ. ಹಿಂದಿನವರು ಟ್ರಾಮ್ ಟಿಕೆಟ್, ಬೆಂಕಿಪೊಟ್ಟಣದ ಮೇಲೆಲ್ಲ ಈ ಸೋಪಿನ ಪ್ರಚಾರ ಮಾಡಿದ್ದರು. ಕರಾಚಿಯಲ್ಲಿ ಒಂಟೆ ಮೆರವಣಿಗೆ ತೆಗೆದಿದ್ದರು! ಸಂಜೆ ಮನೆಗೆ ಹೋದವನು "ಇವತ್ತು ಏನು ನೋಡ್ದೆ ಗೊತ್ತಾ" ಅಂತ ಹೇಳದೇ ಇರುತ್ತಾನಾ? ಅದೇ ಸೋಪು 2025ರ ಮೇ ತಿಂಗಳಲ್ಲಿ ಮತ್ತೆ ಎಲ್ಲರ ಬಾಯಿಗೆ ಬಂತು. ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ ಕೊಟ್ಟು ನಟಿ ತಮನ್ನಾ ಅವರನ್ನು ರಾಯಭಾರಿ ಮಾಡಿದ್ದಕ್ಕೆ. ಕನ್ನಡದವರು ಯಾರೂ ಸಿಗಲಿಲ್ಲವಾ ಅಂತ ಜಗಳವೋ ಜಗಳ. ಬೇರೆ ರಾಜ್ಯದಲ್ಲಿ ಮಾರಬೇಕು, ಅದಕ್ಕೇ ಅಂತ ಸರ್ಕಾರದ ಉತ್ತರ. ಅದರಲ್ಲಿ ನ್ಯಾಯ ಇಲ್ಲ ಅಂತಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಎರಡು ಸಲವೂ ಸುದ್ದಿ ಓಡಿತು. ಆದರೆ ಒಂಟೆ ನೋಡಿದವನು ಸೋಪು ಕೊಳ್ಳುವ ಮನಸ್ಸು ಮಾಡಿಯಾನು. ಜಗಳ ನೋಡಿದವನು ಜಗಳ ನೋಡಿ ಮಲಗುತ್ತಾನೆ. ಬೇಕಂತಲೇ ಸಿಟ್ಟು ಬರಿಸಿ ಹೆಸರು ಮಾಡೋಣ ಅನ್ನುವ ಗಿರಾಕಿಗಳು ನನಗೆ ಆಗಾಗ ಸಿಗುತ್ತಾರೆ. ಬೇಡ ಅನ್ನುತ್ತೇನೆ. ಹೊತ್ತಿಸೋದು ಸುಲಭ, ಆರಿಸೋಕೆ ನನ್ನ ಹತ್ತಿರ ನೀರಿಲ್ಲ.

ಇನ್ನೊಂದು ವಿಷಯ ನಾನು ಕಲಿತಿದ್ದು ಮೈಲಾರದ ಜಾತ್ರೆಯಲ್ಲಿ. ದೇವರ ನುಡಿಯನ್ನು ಜಾಹೀರಾತಿಗೆ ಹೋಲಿಸುತ್ತಿಲ್ಲ, ಮೈಲಾರಲಿಂಗ ಕ್ಷಮಿಸಲಿ. ವರ್ಷದ ಭವಿಷ್ಯದ ಕಾರ್ಣಿಕ ನುಡಿಯುವ ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂದರೆ ಅಷ್ಟು ದೊಡ್ಡ ಜನಸಾಗರ ಗಪ್‌ಚಿಪ್. ಆಮೇಲೆ ಒಂದೇ ಒಂದು ಸಾಲು. 2024ರಲ್ಲಿ "ಸಂಪಾಯಿತಲೇ ಪರಾಕ್" ಅಂತ ಬಂತು. ಜಾತ್ರೆಯಿಂದ ಬಸ್ ಹೊರಡುವ ಮೊದಲೇ ಆ ಸಾಲು ಊರೂರು ತಲುಪಿರುತ್ತೆ. ರೈತ ಅದರಲ್ಲಿ ಮಳೆ ನೋಡುತ್ತಾನೆ, ರಾಜಕಾರಣಿ ಕುರ್ಚಿ ನೋಡುತ್ತಾನೆ. ಕೇಳಿದವರಿಗೆ ತಮ್ಮದೂ ಎರಡು ಮಾತು ಸೇರಿಸಲು ಜಾಗ ಇದೆ. ನಾವು ಪೋಸ್ಟರ್ ಮಾಡುವವರು ಎಲ್ಲವನ್ನೂ ನಾವೇ ಹೇಳಿ ಮುಗಿಸುತ್ತೇವೆ. ವಿಳಾಸ, ಎರಡು ಫೋನ್ ನಂಬರ್, ಜಿಎಸ್‌ಟಿ ಸೇರಿ ಎಷ್ಟು, ‘ಷರತ್ತುಗಳು ಅನ್ವಯ’. ಓದಿದವರಿಗೆ ಮಾತಾಡಲು ಉಳಿಯುವುದೇನು?

ಈಗ ಪಾತ್ರೆ ಅಂಗಡಿಗೆ ವಾಪಸ್.

ಯುಗಾದಿ ಆದ ಮೇಲೆ ಒಂದು ದಿನ ಅಂಗಡಿಯಲ್ಲಿ ಸುಮ್ನೆ ಕೂತಿದ್ದೆ. ಎರಡು ಗಂಟೆಯಲ್ಲಿ ಐದು ಗಿರಾಕಿ ಬಂದರು. ಐದೂ ಜನ ಕೇಳಿದ್ದು ಒಂದೇ. "ಅಣ್ಣಾ, ನೂರೈವತ್ತು ಜನ ಆಗ್ತಾರೆ, ಯಾವ ಸೈಜಿನ ಡಬರಿ ಬೇಕು? ಅಕ್ಕಿ ಎಷ್ಟು ಹಾಕ್ಲಿ?" ಸಾವ್ಕಾರ್ರು ತಲೆ ಎತ್ತದೇ ಲೆಕ್ಕ ಹೇಳುತ್ತಿದ್ದರು. ನೂರು ಜನಕ್ಕೆ 10ರಿಂದ 12 ಕೆಜಿ ಅಕ್ಕಿ, ಹೋಳಿಗೆ ಇದ್ದರೆ ಅನ್ನ ಕಮ್ಮಿ ಹೋಗುತ್ತೆ, ಗೃಹಪ್ರವೇಶಕ್ಕೆ ಕರೆದವರಿಗಿಂತ ಜಾಸ್ತಿ ಬರ್ತಾರೆ, ನಾಮಕರಣಕ್ಕೆ ಕಮ್ಮಿ. ಆ ತಲೆಯಲ್ಲಿ ಇಷ್ಟು ವರ್ಷದ ಊಟದ ಲೆಕ್ಕ ಇತ್ತು. ನಾನು ಅವರ ಫೋಟೊ ದೊಡ್ಡದು ಮಾಡುತ್ತಾ ಕೂತಿದ್ದೆ.

ಅವರನ್ನೂ, ಅವರ ಪರಿಚಯದ ಅಡುಗೆ ಭಟ್ಟರನ್ನೂ ಕೂರಿಸಿಕೊಂಡು ಒಂದು ಪಟ್ಟಿ ಮಾಡಿದೆ. 50, 100, 200, 500 ಜನಕ್ಕೆ ಅಕ್ಕಿ ಎಷ್ಟು, ಬೇಳೆ ಎಷ್ಟು, ತರಕಾರಿ, ಎಣ್ಣೆ, ಎಲೆ, ಕುಡಿಯುವ ನೀರು ಎಷ್ಟು. ಭಟ್ಟರದು ಒಂದೇ ಹಟ. "ಒಂದೂವರೆ ಮೇಲೆ ಬರೋರು ಜಾಸ್ತಿ ಉಣ್ತಾರೆ, ಅದನ್ನೂ ಬರೀರಿ." ಬರೆದೆ. ಶುಭಾಶಯ ಇಲ್ಲ, ತೋರಣ ಇಲ್ಲ. ಕೆಳಗೆ ಅಂಗಡಿ ಹೆಸರು, ನಂಬರ್. ಮೊಬೈಲಿನಲ್ಲಿ ಹಿಗ್ಗಿಸದೇ ಓದಲು ಬರುವಷ್ಟು ದೊಡ್ಡ ಅಕ್ಷರ, ಯಾಕೆಂದರೆ ವಾಟ್ಸಾಪ್ ಫೋಟೊವನ್ನು ಕುಗ್ಗಿಸಿಬಿಡುತ್ತೆ.

ಹೋಯಿತು. ನಾನು ಅಂದುಕೊಂಡಿದ್ದಕ್ಕಿಂತ ದೂರ ಹೋಯಿತು. ಮದುವೆ ಮನೆಯವರು ಅಡುಗೆಯವರಿಗೆ, ಅಕ್ಕ ತಂಗಿಗೆ, ಭಟ್ಟರ ಆ ಸಾಲು ಓದಿ ನಕ್ಕವರು ಯಾವಾಗಲೂ ತಡವಾಗಿ ಬರುವ ನೆಂಟನಿಗೆ. ಎರಡು ವಾರ ಬಿಟ್ಟು ಹಾವೇರಿ ಕಡೆಯ ಒಬ್ಬರು ನನಗೇ ಕಳಿಸಿದರು. ತೆರೆದು ನೋಡಿದರೆ ಕೆಳಗಿನ ಅಂಗಡಿ ಹೆಸರು ಕತ್ತರಿಸಿ ಹೋಗಿದೆ! ಯಾರೋ ಪುಣ್ಯಾತ್ಮರು ನೀಟಾಗಿ ಕ್ರಾಪ್ ಮಾಡಿದ್ದರು. ಸಾವ್ಕಾರ್ರಿಗೆ ತೋರಿಸಿದೆ. "ನಮ್ ಲೆಕ್ಕ ಊರಿಗೆಲ್ಲ ಹಂಚಿದಂಗಾತು, ನಮಗೇನ್ ಬಂತು?" ಅಂದರು. ಅವತ್ತು ಮಿರ್ಚಿ ಬರಲಿಲ್ಲ.

ಕ್ರಾಪ್ ಮಾಡಿದವರದ್ದು ತಪ್ಪಲ್ಲ. ತಮ್ಮ ಅಕ್ಕನಿಗೆ ಬೇಕಿದ್ದಷ್ಟನ್ನು ಇಟ್ಟುಕೊಂಡರು. ಅಂಗಡಿ ಆ ಪಟ್ಟಿಗೆ ಅಂಟಿಸಿದ ಚೀಟಿ ಆಗಿತ್ತು, ಕಿತ್ತರೆ ಬಂತು. ಅಮೆರಿಕದ ಯೂಟಾದಲ್ಲಿ ಬ್ಲೆಂಡ್‌ಟೆಕ್ ಅಂತ ಮಿಕ್ಸಿ ಮಾಡುವ ಕಂಪನಿ ಇದೆ. 2006ರಲ್ಲಿ ಹತ್ತಿರ ಹತ್ತಿರ 50 ಡಾಲರ್ ಖರ್ಚಿನಲ್ಲಿ ವಿಡಿಯೊ ಮಾಡಿದರು. ಗೋಲಿ ಹಾಕಿ ತಿರುಗಿಸೋದು, ಕಸ ಬಾಚುವ ಕೋಲಿನ ಹಿಡಿ ಹಾಕಿ ತಿರುಗಿಸೋದು, ಮರುವರ್ಷ ಐಫೋನನ್ನೇ ಹಾಕಿ ಪುಡಿ ಮಾಡಿದ್ದು. ಅದರಲ್ಲಿ ಮಿಕ್ಸಿಯನ್ನು ಕ್ರಾಪ್ ಮಾಡಲು ಆಗುತ್ತಾ? ಮಿಕ್ಸಿ ತೆಗೆದರೆ ಕತೆಯೇ ಇಲ್ಲ.

ಉತ್ತರ ಅಂಗಡಿಯಲ್ಲೇ ಇತ್ತು. ಬಾಡಿಗೆ ಪಾತ್ರೆಗಳ ಹೊಟ್ಟೆ ಮೇಲೆ ಕೆಂಪು ಬಣ್ಣದಲ್ಲಿ ಅಂಗಡಿ ಹೆಸರು ಬರೆದಿರುತ್ತಾರೆ, ನೋಡಿದ್ದೀರಲ್ಲ? ಕಳ್ಳತನ ಆಗದಿರಲಿ, ಅದಲು ಬದಲಾಗದಿರಲಿ ಅಂತ. ಆ ಹೆಸರು ಪ್ರತಿ ಮದುವೆಗೆ ಹೋಗಿ ಬರುತ್ತೆ. ಡಬರಿಗಳನ್ನು ಸಾಲಾಗಿ ಇಟ್ಟು ಫೋಟೊ ತೆಗೆದೆವು. ಅಂಕಿಗಳನ್ನು ಆಯಾ ಡಬರಿಯ ಮೇಲೆಯೇ ಬರೆದೆವು. ನೂರು ಜನದ ಅನ್ನ ಈ ಡಬರಿಯಲ್ಲಿ, ಸಾರು ಇದರಲ್ಲಿ. ಈಗ ಹೆಸರು ಕತ್ತರಿಸಿದರೆ ಲೆಕ್ಕವೂ ಹೋಗುತ್ತೆ.

"ಶೇರ್ ಮಾಡಿ, ಮೂರು ಜನಕ್ಕೆ ಟ್ಯಾಗ್ ಮಾಡಿ, ಬಹುಮಾನ ಗೆಲ್ಲಿ" ಅನ್ನೋದನ್ನೂ ಸಾವ್ಕಾರ್ರ ಮಗ ಹೇಳಿದ. ಬೇಡ ಅಂದೆ. ಅಂಥ ಪೋಸ್ಟುಗಳನ್ನು ಕೆಳಗೆ ತಳ್ಳುತ್ತೇವೆ ಅಂತ ಫೇಸ್‌ಬುಕ್ 2017ರಲ್ಲೇ ಹೇಳಿದೆ. ವಾಟ್ಸಾಪ್ ಕೂಡ ಮೊದಲಿನ ಹಾಗಿಲ್ಲ. ಸುಳ್ಳು ಸುದ್ದಿಯಿಂದ ಜನ ಸತ್ತ ಮೇಲೆ 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಅಂತ ಮಿತಿ ತಂದರು. 2020ರಲ್ಲಿ, ತುಂಬ ಸಲ ಫಾರ್ವರ್ಡ್ ಆಗಿದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು ಅಂತ ಮಾಡಿದರು. ಕಳಿಸುವವರು ಒಂದು ಕ್ಷಣ ಯೋಚಿಸಿ, ಒಂದು ಗುಂಪನ್ನು ಆರಿಸಬೇಕು. ಬಹುಮಾನದ ಆಸೆಗೆ ಯಾರೂ ತಮ್ಮ ಮನೆಯ ಗುಂಪಿನಲ್ಲಿ ಮರ್ಯಾದೆ ಕಳೆದುಕೊಳ್ಳುವುದಿಲ್ಲ.

ಡಬರಿಯ ಫೋಟೊ ಈಗಲೂ ಓಡಾಡುತ್ತಿದೆ. ಮದುವೆ ಸೀಸನ್ ಬಂದಾಗ ಮತ್ತೆ ಜೀವ ಬರುತ್ತೆ. ಸಾವ್ಕಾರ್ರಿಗೆ ಎಷ್ಟು ವ್ಯಾಪಾರ ಜಾಸ್ತಿ ಆಯಿತು ಅಂತ ಕೇಳಿದರೆ "ಪರವಾಗಿಲ್ಲ" ಅನ್ನುತ್ತಾರೆ. ಅವರ ಭಾಷೆಯಲ್ಲಿ ಅದು ದೊಡ್ಡ ಮಾತು. ಮಿರ್ಚಿ ಮತ್ತೆ ಶುರುವಾಗಿದೆ.

ಹೋದ ವಾರ ಧಾರವಾಡದ ನಮ್ಮತ್ತೆ ಅದೇ ಫೋಟೊವನ್ನು ನಮ್ಮ ಮನೆಯವರ ಗುಂಪಿಗೆ ಹಾಕಿದ್ದಾರೆ. ಮಾಡಿದ್ದು ನಾನು ಅಂತ ಅವರಿಗೆ ಗೊತ್ತಿಲ್ಲ. ಮೇಲೆ ಬರೆದ ಸಾಲು ಇದು: "ದಾವಣಗೆರಿಯವರು ಎಷ್ಟ್ ಛಲೋ ಮಾಡ್ಯಾರ ನೋಡ್ರಿ. ನಮ್ಮ ಮನ್ಯಾಗೂ ಒಬ್ಬಾಂವ ಅದಾನ, ಬರೇ ಹಬ್ಬದ ಫೋಟೊ ಮಾಡ್ಕೋತ ಕುಂದರ್ತಾನ."