ವಿಮಾನದಲ್ಲಿ ನೀವು ಕೇಳಿದ ಊಟವೂ ಕಡತ ಸೇರುತ್ತದೆ

ಪಿಎನ್‌ಆರ್ ಎಂದರೇನು ಎಂದು ಹುಬ್ಬಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಊರು ನಮ್ಮದು. ಆದರೆ ವಿಮಾನದ ಪಿಎನ್‌ಆರ್ ಬೇರೆಯೇ ಸಂಗತಿ. ಮೊಬೈಲ್ ಸಂಖ್ಯೆ, ಹಣ ಕಟ್ಟಿದ ಕಾರ್ಡು, ಜೊತೆಗೆ ಹೋದವರ ಹೆಸರು, ಸೀಟು, ಲಗೇಜು, ಟಿಕೆಟ್ ಮಾಡಿಸಿಕೊಟ್ಟ ಏಜೆಂಟ್, ನಡುವೆ ಬದಲಾಯಿಸಿದ ತಾರೀಖು, ಎಲ್ಲವೂ ಅದರಲ್ಲಿರುತ್ತವೆ.

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಿದ್ದ ನಮ್ಮ ಓಣಿಯ ಹಿರಿಯ ಹೆಣ್ಣುಮಗಳೊಬ್ಬರ ಜೊತೆ ಕೊಪ್ಪೀಕರ್ ರಸ್ತೆಯ ಟ್ರಾವೆಲ್ ಏಜೆನ್ಸಿಗೆ ಹೋಗಿದ್ದೆ. "ಅಕ್ಕಾ, ಜೈನ ಊಟ ಹಾಕಲೇ? ವೀಲ್‌ಚೇರ್ ಬೇಕೇ?" ಎಂದು ಹುಡುಗ ಕೇಳಿದ. ಅವರು ಮೊಣಕಾಲು ಸವರಿಕೊಳ್ಳುತ್ತ ಎರಡಕ್ಕೂ ಹೂಂ ಎಂದರು. ಅವನು ನಾಲ್ಕು ಅಕ್ಷರಗಳ ಎರಡು ಸಂಕೇತಗಳನ್ನು ಒತ್ತಿದ. ಹಣ ಅಳಿಯನ ಕಾರ್ಡಿನಿಂದ ಹೋಯಿತು. ಚಹಾ ಬರುವಷ್ಟರಲ್ಲಿ ಆಕೆಯ ಧರ್ಮ, ಆರೋಗ್ಯ ಮತ್ತು ಅಳಿಯನ ಕಾರ್ಡ್ ಸಂಖ್ಯೆ ಒಂದೇ ದಾಖಲೆಯಲ್ಲಿ ಕೂತಿದ್ದವು.

ಈ ದಾಖಲೆ ಗಡಿ ದಾಟುತ್ತದೆ. 2001ರ ಸೆಪ್ಟೆಂಬರ್ ದಾಳಿಯ ನಂತರ, ತನ್ನ ನೆಲಕ್ಕೆ ಬರುವ ಪ್ರತಿ ವಿಮಾನದ ಪ್ರಯಾಣಿಕರ ವಿವರ ಬೇಕೆಂದು ಅಮೆರಿಕ ಕಾನೂನು ಮಾಡಿತು. 2017ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಇಂಥ ವ್ಯವಸ್ಥೆಯನ್ನು ಎಲ್ಲ ದೇಶಗಳೂ ಕಟ್ಟಿಕೊಳ್ಳಬೇಕೆಂದಿತು. ನಮ್ಮಲ್ಲಿ 2022ರ ಆಗಸ್ಟ್‌ನಲ್ಲಿ ನಿಯಮ ಬಂತು. ಅಂತರರಾಷ್ಟ್ರೀಯ ವಿಮಾನ ಹೊರಡುವ 24 ಗಂಟೆ ಮೊದಲೇ ವಿವರ ಕಸ್ಟಮ್ಸ್ ಇಲಾಖೆಗೆ ತಲುಪಬೇಕು. ಅಲ್ಲಿ ಅದು 5 ವರ್ಷ ಇರುತ್ತದೆ. ಬೇರೆ ದೇಶಗಳೊಂದಿಗೆ ಹಂಚಿಕೊಳ್ಳುವುದಕ್ಕೂ ಅವಕಾಶವಿದೆ. ಧರ್ಮ, ಆರೋಗ್ಯಗಳನ್ನು ಬಯಲುಮಾಡುವಂತೆ ಬಳಸಬಾರದು ಎಂಬ ಒಳ್ಳೆಯ ಮಾತೂ ಆ ನಿಯಮದಲ್ಲಿದೆ.

ಇದರಿಂದ ಉಪಯೋಗವೇ ಇಲ್ಲ ಎಂದು ನಾನು ಹೇಳಲಾರೆ. ಮುಂಬೈ ದಾಳಿಗೆ ಜಾಗ ನೋಡಿಕೊಟ್ಟ ಡೇವಿಡ್ ಹೆಡ್ಲಿ 2009ರಲ್ಲಿ ಸಿಕ್ಕಿಬಿದ್ದಾಗ, ಬರೀ 'ಡೇವಿಡ್' ಎಂಬ ಹೆಸರು ಮತ್ತು ಪ್ರಯಾಣದ ಅಂದಾಜಿನಿಂದ ಅವನ ಪೂರ್ತಿ ಗುರುತು ಹಚ್ಚಲು ಇದೇ ದಾಖಲೆಗಳು ನೆರವಾದವು ಎಂದು ಅಮೆರಿಕದ ಅಧಿಕಾರಿಗಳೇ ಹೇಳಿದ್ದಾರೆ. 26/11ರ ರಾತ್ರಿ ಟಿವಿ ಮುಂದೆ ಕೂತಿದ್ದ ಯಾರೂ ಇದನ್ನು ತಳ್ಳಿಹಾಕಲಾರರು.

ನನ್ನ ತಕರಾರು ಇರುವುದು ತಪ್ಪಾದಾಗ ಏನು ಎಂಬಲ್ಲಿ. ಮಲೇಷ್ಯಾದ ರಹೀನಾ ಇಬ್ರಾಹಿಂ ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. 2005ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಅವರಿಗೆ ಕೈಕೋಳ ಬಿತ್ತು. ಕಾರಣ ಇಷ್ಟೇ: ಎಫ್‌ಬಿಐ ಅಧಿಕಾರಿಯೊಬ್ಬ ಅರ್ಜಿಯಲ್ಲಿ ತಪ್ಪು ಚೌಕಕ್ಕೆ ಗುರುತು ಹಾಕಿ, ವಿಮಾನ ಹತ್ತಬಾರದವರ ಪಟ್ಟಿಗೆ ಅವರ ಹೆಸರು ಸೇರುವಂತೆ ಮಾಡಿದ್ದ. ಅದು ತಪ್ಪು ಎಂಬ ತೀರ್ಪು ಬಂದದ್ದು 2014ರಲ್ಲಿ! ಪಾಟೀಲ, ಹೂಗಾರ, ಬಡಿಗೇರ ಎಂದು ಬೀದಿಗೆ ಹತ್ತು ಮನೆ ಇರುವ, ಒಂದೇ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ ಬರೆಸಿಕೊಂಡಿರುವ ನಮ್ಮಂಥ ಊರಿನವರಿಗೆ ಇದು ದೂರದ ಕತೆಯಲ್ಲ. ಗಲ್ಫ್‌ಗೆ ದುಡಿಯಲು ಹೋಗುವ ಹುಡುಗನನ್ನು ಅಲ್ಲಿ ತಡೆದು ನಿಲ್ಲಿಸಿದರೆ ಅವನು ಯಾವ ಬಾಗಿಲು ತಟ್ಟಬೇಕು? ಧಾರವಾಡದಲ್ಲಿ ಹೈಕೋರ್ಟ್ ಪೀಠವಿದೆ, ನಿಜ. ಅದರ ಆಜ್ಞೆ ಇನ್ನೊಂದು ದೇಶದ ಕಂಪ್ಯೂಟರಿಗೆ ತಾಗುವುದಿಲ್ಲ.

ಸೋರಿಕೆಯ ಭಯವೂ ಸುಳ್ಳಲ್ಲ. 2021ರಲ್ಲಿ ಏರ್ ಇಂಡಿಯಾದ ಸುಮಾರು 45 ಲಕ್ಷ ಪ್ರಯಾಣಿಕರ ವಿವರ, ಪಾಸ್‌ಪೋರ್ಟ್ ಮಾಹಿತಿಯೂ ಸೇರಿ, ಕಳ್ಳರ ಪಾಲಾಯಿತು.

ಯುರೋಪಿನವರು ಈ ವಿಷಯದಲ್ಲಿ ಸುಮ್ಮನೆ ಕೂರಲಿಲ್ಲ. ಪ್ರಯಾಣಿಕರ ವಿವರ ಕೊಡುವ ಕುರಿತ ಕೆನಡಾ ಜೊತೆಗಿನ ಒಪ್ಪಂದ ಹಾಗೆಯೇ ನಡೆಯದು ಎಂದು ಅವರ ನ್ಯಾಯಾಲಯ 2017ರಲ್ಲಿ ಹೇಳಿತು. 2022ರಲ್ಲಿ ಅದೇ ನ್ಯಾಯಾಲಯ, ಯಾವ ಅನುಮಾನವೂ ಇಲ್ಲದ ಪ್ರಯಾಣಿಕರ ವಿವರವನ್ನು 6 ತಿಂಗಳ ಮೇಲೆ ಇಟ್ಟುಕೊಳ್ಳಬಾರದು ಎಂದಿತು. ಅಮೆರಿಕದ ಜೊತೆ ಮಾಡಿಕೊಂಡ 2012ರ ಒಪ್ಪಂದದಲ್ಲಿ ತಮ್ಮ ದಾಖಲೆ ನೋಡುವ, ತಿದ್ದಿಸುವ ಹಕ್ಕನ್ನೂ ಬರೆಸಿಕೊಂಡರು. ಖಾಸಗಿತನ ಮೂಲಭೂತ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಒಮ್ಮತದಿಂದ ಹೇಳಿರುವಾಗ, ನಾವು ಅದಕ್ಕಿಂತ ಕಡಿಮೆಗೆ ಯಾಕೆ ಒಪ್ಪಬೇಕು?

ನಮ್ಮ ಸಂಸದರು ಸಂಸತ್ತಿನಲ್ಲಿ ಎರಡು ಪ್ರಶ್ನೆ ಕೇಳಲಿ. ನಮ್ಮ ಪ್ರಯಾಣಿಕರ ವಿವರ ಯಾವ ಯಾವ ದೇಶಕ್ಕೆ, ಯಾವ ಷರತ್ತಿನ ಮೇಲೆ ಹೋಗುತ್ತಿದೆ? ಅಲ್ಲಿ ತಪ್ಪು ದಾಖಲಾದರೆ, ಹುಬ್ಬಳ್ಳಿಯಲ್ಲಿ ಕೂತವರು ಅದನ್ನು ತಿದ್ದಿಸಲು ಯಾವ ಕಚೇರಿಗೆ ಅರ್ಜಿ ಕೊಡಬೇಕು, ಎಷ್ಟು ದಿನದೊಳಗೆ ಉತ್ತರ ಬರುತ್ತದೆ?