ತರಬೇತಿ ಮುಗಿದ ಮೇಲಿನ ಲೆಕ್ಕ

ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಕೆಲಸಕ್ಕಿದ್ದಾಗ ತರಬೇತಿಯೆಂದರೆ ಹೋಟೆಲಿನ ತಂಪು ಸಭಾಂಗಣ, ಹೋಳಿಗೆಯೂಟ ಮತ್ತು ಹೊರಡುವ ಮುನ್ನ ತುಂಬಿಕೊಡುವ ಒಂದು ಫೀಡ್‌ಬ್ಯಾಕ್ ಫಾರಂ. ಐದಕ್ಕೆ ಐದು ಅಂಕವನ್ನು ನಾನೂ ಕೊಟ್ಟವನೇ. ಅದರಲ್ಲಿ ಹೋಳಿಗೆಯ ಪಾಲೆಷ್ಟು ಎಂದು ಹೇಳಲಾರೆ. ಕಲಿತವರಿಗೆ ಹಿಡಿಸಿತೇ, ಅವರು ನಿಜಕ್ಕೂ ಕಲಿತರೇ, ಕಲಿತದ್ದನ್ನು ಕೆಲಸದಲ್ಲಿ ಬಳಸಿದರೇ, ಅದರಿಂದ ಸಂಸ್ಥೆಗೆ ಫಲ ಸಿಕ್ಕಿತೇ ಎಂದು ತರಬೇತಿಯನ್ನು ಅಳೆಯುವ ನಾಲ್ಕು ಮೆಟ್ಟಿಲುಗಳನ್ನು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿಯೇ ವಿವರಿಸಿದ್ದರು. ನಮ್ಮ ಫಾರಂ ಮೊದಲನೆಯದನ್ನು ದಾಟುತ್ತಿರಲಿಲ್ಲ.

ಈಗ ನಾನಿರುವ ಜರ್ಮನಿಯಲ್ಲಿ ಅಪ್ರೆಂಟಿಸ್‌ಗಳು ಮೂರು, ಮೂರೂವರೆ ವರ್ಷ ಕಾರ್ಖಾನೆಯಲ್ಲೂ ವೃತ್ತಿಶಾಲೆಯಲ್ಲೂ ಕಲಿಯುತ್ತಾರೆ. ಕೊನೆಯ ಪರೀಕ್ಷೆಯನ್ನು ಕಂಪನಿಯಲ್ಲ, ಕೈಗಾರಿಕೆ ಮತ್ತು ವಾಣಿಜ್ಯ ಮಂಡಳಿ ನಡೆಸುತ್ತದೆ. ಇದು ಎರಡನೆಯ ಮೆಟ್ಟಿಲಿಗೆ ಒಳ್ಳೆಯ ಅಳತೆ. ಆದರೆ ಈಗಾಗಲೇ ಕೆಲಸದಲ್ಲಿರುವವರಿಗೆ ಕೊಡುವ ಎರಡು ದಿನದ ತರಬೇತಿಯ ಮಾತು ಬಂದರೆ ಇಲ್ಲಿಯೂ ಅದೇ ಫಾರಂ, ಹೋಳಿಗೆ ಮಾತ್ರ ಇಲ್ಲ. ಒಮ್ಮೆ ಇಲ್ಲಿ ಯಂತ್ರದ ಸೆಟ್ಟಿಂಗ್ ಕುರಿತು ತರಬೇತಿಯಾದ ಮೇಲೆ ರಿಜೆಕ್ಷನ್, ಅಂದರೆ ದೋಷವಿದೆಯೆಂದು ತಳ್ಳಿಹಾಕುವ ಮಾಲು, ಇಳಿಯಿತು, ಎಲ್ಲರೂ ತರಬೇತಿಯನ್ನು ಹೊಗಳಿದರು. ಅದೇ ತಿಂಗಳು ಹೊಸ ಟೂಲುಗಳೂ ಬಂದಿದ್ದವು ಎಂಬುದು ಯಾರಿಗೂ ನೆನಪಾಗಲಿಲ್ಲ.

ಈ ಗೊಂದಲವನ್ನು ನಾನು ಕಂಡಂತೆ ಅತ್ಯಂತ ಚೆನ್ನಾಗಿ ಬಿಡಿಸಿದ್ದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ನಡೆದ ಒಂದು ಅಧ್ಯಯನ. ಶಾಹಿ ಎಕ್ಸ್‌ಪೋರ್ಟ್ಸ್‌ನ ಘಟಕಗಳಲ್ಲಿ ಹೆಣ್ಣುಮಕ್ಕಳಿಗೆ ಸಂವಹನ, ಸಮಯಪಾಲನೆ, ಸಮಸ್ಯೆ ಬಿಡಿಸುವುದು ಮುಂತಾದವನ್ನು ಕಲಿಸುವ ತರಬೇತಿಗೆ ಆಸಕ್ತಿ ತೋರಿದವರಲ್ಲಿ ಯಾರು ಸೇರಬೇಕೆಂಬುದನ್ನು ಲಾಟರಿ ಎತ್ತಿ ನಿರ್ಧರಿಸಲಾಯಿತು. ಹಾಗಾಗಿ ಸೇರಿದವರಿಗೂ ಉಳಿದವರಿಗೂ ಹೊಸ ಯಂತ್ರ, ಹೊಸ ಆರ್ಡರ್, ಹಬ್ಬದ ರಜೆ ಎಲ್ಲವೂ ಸಮವಾಗಿಯೇ ತಟ್ಟುತ್ತಿದ್ದವು. ಎರಡೂ ಗುಂಪುಗಳ ನಡುವೆ ಉಳಿದ ವ್ಯತ್ಯಾಸ ತರಬೇತಿಯದ್ದು. ತರಬೇತಿ ಪಡೆದವರ ಉತ್ಪಾದಕತೆ ಶೇ. 13.5ರಷ್ಟು ಹೆಚ್ಚಿತ್ತು, ತರಬೇತಿ ಮುಗಿದ ಎಂಟು ತಿಂಗಳಿಗೆ ಕಂಪನಿಗೆ ದೊರೆತ ನಿವ್ವಳ ಲಾಭ, ಹಾಕಿದ ಹಣದ ಎರಡೂವರೆ ಪಟ್ಟು. ಆ ಹೆಣ್ಣುಮಕ್ಕಳ ಕೂಲಿ ಏರಿದ್ದು ಶೇ. 0.5 ಮಾತ್ರ. ಕರ್ಕ್‌ಪ್ಯಾಟ್ರಿಕ್ ಅವರ ನಾಲ್ಕನೆಯ ಮೆಟ್ಟಿಲು ಸಂಸ್ಥೆಗೆ ಸಿಕ್ಕ ಫಲವನ್ನು ಕೇಳುತ್ತದೆ, ದುಡಿದವರಿಗೆ ಸಿಕ್ಕದ್ದನ್ನು ಕೇಳುವುದಿಲ್ಲ. ಆ ಅಂಕಿಯನ್ನೂ ಪಕ್ಕದಲ್ಲಿಟ್ಟು ಪ್ರಕಟಿಸಿದ್ದಕ್ಕಾಗಿಯೇ ಈ ಅಧ್ಯಯನದ ಮೇಲೆ ನನಗೆ ಹೆಚ್ಚು ನಂಬಿಕೆ.

ಇಲ್ಲಿ ಜರ್ಮನಿಯಲ್ಲಿ ಹಾಗೆ ಅಳೆಯಹೊರಟರೆ ಬೇರೆಯೇ ತೊಡಕಿದೆ. ಗಾರ್ಮೆಂಟ್ಸ್ ಲೈನಿನಲ್ಲಿ ಒಬ್ಬೊಬ್ಬರು ಎಷ್ಟು ಪೀಸ್ ಮುಗಿಸಿದರೆಂಬುದು ದಿನವೂ ದಾಖಲಾಗುತ್ತದೆ, ಅದಕ್ಕೆ ಯಾರೂ ಅವರ ಒಪ್ಪಿಗೆ ಕೇಳುವುದಿಲ್ಲ. ಜರ್ಮನಿಯಲ್ಲಿ ನೌಕರರ ಕೆಲಸವನ್ನು ಯಂತ್ರದ ಮೂಲಕ ಗಮನಿಸಬೇಕಾದರೆ ಚುನಾಯಿತ ನೌಕರರ ಮಂಡಳಿ ಒಪ್ಪಬೇಕೆಂದು ಕಾನೂನೇ ಹೇಳುತ್ತದೆ. ಮುಂದಿನ ತರಬೇತಿಯನ್ನು ಅರ್ಧ ಜನರಿಗೆ ಈಗ, ಉಳಿದವರಿಗೆ ಆರು ತಿಂಗಳ ನಂತರ ಕೊಟ್ಟು ಹೋಲಿಸೋಣವೆಂದು ನಾನು ಕೇಳಿದಾಗ ಮಂಡಳಿಯವರು ಎರಡು ಸಭೆ ನಡೆಸಿ, ಹೆಸರುಗಳಿಲ್ಲದ ಗುಂಪಿನ ಲೆಕ್ಕಕ್ಕೆ ಮಾತ್ರ ಒಪ್ಪಿದರು. ನನಗೆ ಬೇಕಿದ್ದದ್ದೂ ಅಷ್ಟೇ.