ಒಂದು ಗೇಣು ಕಡಿಮೆ

ರಿಂಗ್ ರೋಡಿನ ವಾಷಿಂಗ್ ಸೆಂಟರಿನಲ್ಲಿ ಮೊನ್ನೆ ಕಾರಿನ ಹಿಂದಿನ ಸೀಟಿನ ಬಲಮೂಲೆಗೆ ವ್ಯಾಕ್ಯೂಮ್ ಪೈಪು ಮುಟ್ಟಲಿಲ್ಲ. ಒಂದು ಗೇಣು ಕಡಿಮೆ ಬಿತ್ತು. ಪೈಪೇನೋ ಬೇಕಾದಷ್ಟು ಉದ್ದ ಇದೆ, ಅದರ ಮೂತಿಗೆ ಬಿಗಿದ ಸರಪಳಿ ಗಿಡ್ಡ. ನಾನು ಎಳೆದೆ, ಸರಪಳಿ ನನ್ನನ್ನು ಎಳೆಯಿತು. 50 ರೂಪಾಯಿಗೆ 5 ನಿಮಿಷ. ಕಾರು ತಿರುಗಿಸಿ ನಿಲ್ಲಿಸುವಷ್ಟರಲ್ಲಿ ಎರಡು ನಿಮಿಷ ಹೋಗಿಬಿಟ್ಟಿತು. ಈಗ ಬಲಮೂಲೆ ಸಿಕ್ಕಿತು, ಎಡಮೂಲೆ ತಪ್ಪಿತು.

ಮಷಿನ್ ನಿಂತ ಮೇಲೆ ಸಿಟ್ಟಿಗೆ ಅದರ ಕೀಲಿಗಳನ್ನು ಎಣಿಸಿದೆ. ಡ್ರಮ್ಮಿನ ಮುಚ್ಚಳಕ್ಕೆ ಎರಡು. ಸರಪಳಿಗೆ ಒಂದು. ಕ್ಯೂಆರ್ ಕೋಡಿಗೆ ಗಾಜಿನ ಚೌಕಟ್ಟು ಹಾಕಿ, ಯಾರೂ ಬಿಚ್ಚದ ಹಾಗೆ ಅದರ ಸ್ಕ್ರೂಗಳ ತಲೆ ಉಜ್ಜಿ ನುಣ್ಣಗೆ ಮಾಡಿದ್ದಾರೆ. ಇದನ್ನೆಲ್ಲ ಕಾಯಲಿಕ್ಕೆ ಮೇಲೊಂದು ಕ್ಯಾಮೆರಾ. ಕ್ಯಾಮೆರಾ ಕಾಯಲಿಕ್ಕೆ ಕಬ್ಬಿಣದ ಜಾಲರಿ. ಜಾಲರಿಗೆ ಹೆಬ್ಬೆರಳಿನ ಉಗುರಿನಷ್ಟು ಒಂದು ಕೀಲಿ. ನಮ್ಮ ಕೋಟೆಯ ಬುರುಜಿನ ಮೇಲೆ ಅಷ್ಟುದ್ದದ ತೋಪು ಬಯಲಲ್ಲೇ ಬಿದ್ದಿದೆ, ಯಾರೂ ಒಯ್ದಿಲ್ಲ.

"ಇಷ್ಟ್ಯಾಕಪಾ ಕೀಲಿ?" ಎಂದು ಅಲ್ಲಿನ ಹುಡುಗನನ್ನು ಕೇಳಿದೆ.

"ಮೂತಿ ಎರಡ್ ಸಲ ಹೋತ್ರಿ ಸರ್. ಮೂರನೇದಕ್ಕ ಸರಪಳಿ ಹಾಕ್ಯಾರ."

ಆ ಪ್ಲಾಸ್ಟಿಕ್ ಮೂತಿಯನ್ನು ಒಯ್ದವರು ಮನೆಯಲ್ಲಿ ಯಾವುದಕ್ಕೆ ಸಿಕ್ಕಿಸಿಕೊಂಡರೋ ನನಗಂತೂ ತಿಳಿಯಲಿಲ್ಲ. ಕ್ಯೂಆರ್ ಕಥೆ ಇನ್ನೂ ಚಲೋ ಇದೆ. ಯಾರೋ ಬಂದು ಇವರ ಕೋಡಿನ ಮೇಲೆ ತನ್ನ ಕೋಡು ಅಂಟಿಸಿ ಹೋಗಿದ್ದನಂತೆ. ಅರ್ಧ ದಿನದ ರೊಕ್ಕ ಬೇರೆ ಯಾರದೋ ಖಾತೆಗೆ ಹೋಯಿತು. ಕೀಲಿ ಒಡೆಯಲಿಲ್ಲ, ರಾತ್ರಿ ಬರಲಿಲ್ಲ, ಒಂದಿಷ್ಟು ಗೋಂದು ಸಾಕಾಯಿತು. ಅವತ್ತಿನಿಂದ ರೊಕ್ಕ ಬಂದರೆ ಕೂಗಿ ಹೇಳುವ ಡಬ್ಬಿ ಇಟ್ಟಿದ್ದಾರೆ. ಅದು ಕೂಗದಿದ್ದರೆ ಹುಡುಗ ಸ್ವಿಚ್ ಒತ್ತುವುದಿಲ್ಲ. ಅಮೆರಿಕದಲ್ಲಿ ಇಂಥ ಎಷ್ಟೋ ಮಷಿನ್‌ಗಳು 25 ಸೆಂಟಿನ ನಾಣ್ಯ ನುಂಗುತ್ತವೆ. ಕಳ್ಳರು ಡ್ರಿಲ್ ತಂದು ಕೀಲಿಯನ್ನೇ ಕೊರೆಯುತ್ತಾರೆ ಅಂತ ಕೆಲವು ಮಾಲೀಕರು ಪೆಟ್ಟಿಗೆಯಲ್ಲಿ ರೊಕ್ಕ ರಾತ್ರಿ ಉಳಿಯಲು ಬಿಡುವುದಿಲ್ಲ.

ಇದು ಹೊಸ ತಲೆನೋವೂ ಅಲ್ಲ. ಸುಮಾರು 2000 ವರ್ಷದ ಹಿಂದೆ ಅಲೆಕ್ಸಾಂಡ್ರಿಯಾದ ಹೀರೋ ಎಂಬಾತ ಗುಡಿಯಲ್ಲಿ ತೀರ್ಥ ಕೊಡುವ ಯಂತ್ರವೊಂದನ್ನು ಬರೆದಿಟ್ಟಿದ್ದಾನೆ. ಐದು ದ್ರಾಖ್ಮಾದ ನಾಣ್ಯ ಹಾಕಿದರೆ ಅದರ ಭಾರಕ್ಕೆ ಒಳಗಿನ ತಟ್ಟೆ ವಾಲುತ್ತದೆ, ನೀರಿನ ದಾರಿ ತೆರೆಯುತ್ತದೆ. ನಾಣ್ಯ ಜಾರಿ ಬಿದ್ದ ಕೂಡಲೇ ನೀರು ಬಂದ್. ದೇವರ ಎದುರಿಗೆ ನಿಂತವರೂ ಒಂದು ಗುಟುಕು ಜಾಸ್ತಿ ತಗೊಂಡಾರು ಎಂಬ ಅನುಮಾನ ಅವನಿಗೆ ಇದ್ದಿರಬೇಕು, ಅಲ್ವಾ?

ನಮ್ಮ ಮುತ್ಯಾನಿಗಂತೂ ಇತ್ತು.

ಮುತ್ಯಾನದು ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಅಡತಿ ಅಂಗಡಿ. ತೊಗರಿ ವ್ಯಾಪಾರ. ಬೇಸಿಗೆ ಬಂತೆಂದರೆ ಅಂಗಡಿ ಮುಂದಿನ ಬೇವಿನ ಗಿಡದ ಕೆಳಗೆ ಕುಡಿಯುವ ನೀರಿನ ಒಂದು ರಂಜಣಿಗೆ ಇಡಿಸುತ್ತಿದ್ದ. ಸುತ್ತಲೂ ಹಸಿ ಗೋಣಿಚೀಲ, ಮೇಲೆ ಕಟ್ಟಿಗೆಯ ಮುಚ್ಚಳ, ಅದರ ಮೇಲೆ ಒಂದು ಹಿತ್ತಾಳೆ ಗ್ಲಾಸು. ಮೊದಲ ವಾರವೇ ಗ್ಲಾಸು ಹೋಯಿತು. ಎರಡನೆಯದು ಸ್ಟೀಲಿನದು. ಅದರ ಮೇಲೆ ಭಾಂಡೆ ಅಂಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ತನ್ನ ಹೆಸರು ಕೆತ್ತಿಸಿ ತಂದ. ಅದೂ ಹೋಯಿತು.

ಆಮೇಲೆ ಒಂದು ದಿನ ಕಾಕಾನಿಗೆ ಹೆಣ್ಣು ನೋಡಲು ಹೋದರು. ಕುಳಿತ ಕೂಡಲೇ ನೀರು ಬಂತು. ಮುತ್ಯಾ ಗ್ಲಾಸನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿದ. ತನ್ನದೇ ಹೆಸರು. ಪೂರ್ತಿ ಓದಿದ, ನೀರು ಕುಡಿದ, ಗ್ಲಾಸು ಕೆಳಗಿಟ್ಟ. ಅಲ್ಲಿ ಏನೂ ಆಡಲಿಲ್ಲ. ಮನೆಗೆ ಬಂದ ಮೇಲೆ, ಹುಡುಗಿ ಹೆಂಗದಾಳ ಎಂದು ಎಲ್ಲರೂ ಕೇಳಿದರೆ, "ನೀರು ತಣ್ಣಗಿದ್ವು" ಎಂದಷ್ಟೇ ಹೇಳಿದ. ಮದುವೆ ಆಯಿತು. ಆ ಹುಡುಗಿಯೇ ನಮ್ಮ ಕಾಕು. ಮದುವೆಯಲ್ಲಿ ಬಂದ ಭಾಂಡೆ ಸಾಮಾನನ್ನು ಮುತ್ಯಾ ಒಂದೊಂದಾಗಿ ಎತ್ತಿ, ತಿರುಗಿಸಿ ತಿರುಗಿಸಿ ನೋಡಿದ್ದನ್ನು ಕಾಕು ಇವತ್ತಿಗೂ ಹೇಳುತ್ತಾಳೆ. ಪಾಪ, ಅವಳಿಗೆ ಕಾರಣ ತಿಳಿದದ್ದು ಹನ್ನೆರಡು ವರ್ಷದ ನಂತರ. ತಿಳಿದ ಮೇಲೆ ಆಕೆ ನಮ್ಮಲ್ಲಿ ಯಾರೊಡನೆಯೂ ಒಂದು ವಾರ ಮಾತಾಡಲಿಲ್ಲ.

ಮೂರನೇ ಗ್ಲಾಸಿಗೆ ಸರಪಳಿ ಬಂತು. ದನ ಕಟ್ಟುವ ಸರಪಳಿ. ಅದರ ಉದ್ದವನ್ನು ಮುತ್ಯಾ ತಾನೇ ನಿಂತು ಅಳೆದ. ಗ್ಲಾಸು ತನ್ನ ಬಾಯಿಗೆ ಬಂತು, ಸಾಕು ಎಂದ. ಮುತ್ಯಾ ಗಿಡ್ಡ. ಗಂಜಿನ ಹಮಾಲರು ಆಳೆತ್ತರದವರು. ಹಗಲೆಲ್ಲ ಕ್ವಿಂಟಲ್ ಚೀಲ ಹೊತ್ತ ಬೆನ್ನನ್ನು ಒಂದು ಗುಟುಕು ನೀರಿಗಾಗಿ ಮತ್ತೆ ಬಗ್ಗಿಸಬೇಕಾಯಿತು.

"ಸಾವ್ಕಾರ್ರ, ನೀರ್ ಕುಡಿಲಾಕ ನಮಸ್ಕಾರ ಹಾಕಬೇಕೇನ್ರೀ?" ಎಂದು ಒಬ್ಬ ಕೇಳಿದ.

"ನನಗ ಮುಟ್ತದಲ್ಲೋ" ಎಂದ ಮುತ್ಯಾ.

ಎರಡು ಮೂರು ದಿನ ಕಳೆಯಿತು. ಒಂದು ಮುಂಜಾನೆ ಅಂಗಡಿ ತೆರೆದು ನೋಡಿದರೆ ಸರಪಳಿ ಒಂದು ಮೊಳ ಉದ್ದವಾಗಿದೆ! ಮೊದಲಿನ ಕೊಂಡಿಗಳು ದಪ್ಪ, ಕಪ್ಪು. ಅದರ ತುದಿಗೆ ತೆಳ್ಳನೆಯ, ತುಕ್ಕು ಹಿಡಿದ ಬೇರೆ ಸರಪಳಿ. ಯಾರೋ ತಮ್ಮ ಮನೆಯ ತುಂಡು ತಂದು ರಾತ್ರೋರಾತ್ರಿ ಜೋಡಿಸಿದ್ದಾರೆ. ಗ್ಲಾಸು ಇದ್ದಲ್ಲೇ ಇದೆ. ಮುತ್ಯಾ ಗಂಜೆಲ್ಲ ಕೇಳಿದ. ಯಾರೂ ಒಪ್ಪಲಿಲ್ಲ. ಕದ್ದವನ ಮೇಲೆ ಸಿಟ್ಟಾಗಬಹುದು, ಬಿಟ್ಟು ಹೋದವನ ಮೇಲೆ ಹೇಗೆ ಆಗುವುದು? ಆದರೂ ಆದ. ಒಂದು ವಾರ ಆ ರಂಜಣಿಗೆಯ ನೀರು ಮುಟ್ಟಲಿಲ್ಲ. ತುಕ್ಕಿನ ಸರಪಳಿಯನ್ನು ತೆಗೆಸಲೂ ಇಲ್ಲ. ಮಳೆಗಾಲದಲ್ಲಿ ಅದನ್ನು ಸುತ್ತಿ ಗಲ್ಲೆಯ ಕೆಳಗೆ ಇಡುತ್ತಿದ್ದ.

ನಾನು ಹೇಳಲು ಹೊರಟಿದ್ದು ವ್ಯಾಕ್ಯೂಮ್ ಬಗ್ಗೆ. ಕಳ್ಳನಿಗೆ ಹಾಕಿದ ಸರಪಳಿ ನನ್ನ ಕೈಯನ್ನೇಕೆ ಜಗ್ಗಬೇಕು? ಬಾಗಿಲ ತನಕ ಮುಟ್ಟುವ ಮೂತಿಯನ್ನು ಕದಿಯಲಾಗದವನು, ಇನ್ನೊಂದು ಗೇಣು ಬಿಟ್ಟರೆ ಕದ್ದೇಬಿಡುತ್ತಾನೆಯೇ? ಹಾರ್ಡ್‌ವೇರ್ ಅಂಗಡಿಗೆ ಹೋಗಿ ಸರಪಳಿಯ ದರವನ್ನೂ ಕೇಳಿದೆ. ಕಿಲೋ ಲೆಕ್ಕದಲ್ಲಿ ಕೊಡುತ್ತಾರಂತೆ. ಸುಮ್ನೆ ವಾಪಸ್ ಬಂದೆ. ಆ ಹಮಾಲನಷ್ಟು ದೊಡ್ಡ ಮನಸ್ಸು ನನಗಿಲ್ಲ.

ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಗದ್ದಲ. ಗಾಣಗಾಪುರಕ್ಕೆ ಹೋಗಿ ಬಂದ ದಿನದಿಂದ ಹೆಂಡತಿಯ ಬೆಂಡೋಲೆಯ ತಿರುಪು ಕಾಣುತ್ತಿಲ್ಲ. "ಕಾರಿನಾಗೇ ಬಿದ್ದದ" ಎನ್ನುತ್ತಾಳೆ. ಪೈಪಿನೊಳಗೆ 'ಟಿಣ್' ಎಂದದ್ದು ನನಗೆ ಆಗ ನೆನಪಾಯಿತು. ಮತ್ತೆ ಓಡಿದೆ.

"ಚಾವಿ ಸಾವ್ಕಾರ್ರ ಬಲ್ಲಿ ಅದರಿ. ಅವರು ಹುಮನಾಬಾದ್ಕ ಮದುವಿಗಿ ಹೋಗ್ಯಾರ. ನಾಳಿಗಿ ಬರ್ರಿ" ಎಂದ ಹುಡುಗ. ನನ್ನದೇ ಸಾಮಾನು ನನ್ನಿಂದಲೇ ಭದ್ರವಾಗಿ ಒಳಗಿತ್ತು.

ಮರುದಿನ ಸಾವ್ಕಾರ್ರು ಬಂದು ಡ್ರಮ್ಮು ತೆರೆದು, ಹಳೇ ಪೇಪರಿನ ಮೇಲೆ ಸುರುವಿದರು. ಸೇಂಗಾ ಸಿಪ್ಪೆ, ಹುಣಸೆಬೀಜ, ಕೂದಲು, ಭಸ್ಮದ ಪೊಟ್ಟಣ, ಮಗುವಿನ ಗೆಜ್ಜೆಯ ಒಂದು ಗುಂಡು, 10 ರೂಪಾಯಿಯ ಎರಡು ನಾಣ್ಯ. ಎಲ್ಲದರ ಮೇಲೂ ನಮ್ಮೂರಿನ ಬೂದು ಧೂಳು. ತಿರುಪು ಕೊನೆಗೆ ಕೂದಲ ಉಂಡೆಯೊಂದರಲ್ಲಿ ಸಿಕ್ಕಿತು.

"ಮತ್ತೇನರೆ ನಿಮ್ದು ಅದನ್ರೀ?" ಎಂದು ಕೇಳಿದರು ಸಾವ್ಕಾರ್ರು.

ಕಳೆದುಹೋದ ಎರಡು ನಿಮಿಷ ನೆನಪಾಯಿತು. ಎಡಮೂಲೆಯೂ ನೆನಪಾಯಿತು. "ಇದೊಂದು ನಂದೇ ಇರಬೇಕು" ಎಂದು ಒಂದು ನಾಣ್ಯ ಎತ್ತಿಕೊಂಡೆ. ಮೇಲಿನ ಕ್ಯಾಮೆರಾ ಜಾಲರಿಯೊಳಗಿಂದ ನೋಡುತ್ತಿತ್ತು.

ಆ ನಾಣ್ಯ ಇನ್ನೂ ಕಾರಿನಲ್ಲೇ ಇದೆ. 10 ರೂಪಾಯಿ ನಾಣ್ಯದ 14 ನಮೂನೆಗಳೂ ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಚಹಾದವನಿಗೆ ಹೇಳಿ ನೋಡಿದೆ. ತರಕಾರಿಯವಳಿಗೆ ಹೇಳಿ ನೋಡಿದೆ. "ಇದು ನಡಿಯಂಗಿಲ್ರಿ, ನೋಟ್ ಕೊಡ್ರಿ" ಎನ್ನುತ್ತಾರೆ. ಮುಂದಿನ ಸಲ ವ್ಯಾಕ್ಯೂಮ್ ಹೊಡೆಯುವಾಗ ಸೀಟಿನ ಕೆಳಗೆ ಬಿಟ್ಟು ಬಂದರಾಯಿತು.